ನೀಲಾಳ ಮುಂದೆ ಕುಳಿತು ಹಾಡ್ಯಾಡಿ ಅತ್ತದ್ದು

ಸಾವಿನ ಮನೆಗೆಂದು ಅಳುತ್ತ ಓಡಿ ಬಂದವರಿಗೆ ಸತ್ತವಳೇ ಬಂದು ಬಾಗಿಲು ತೆರೆದರೆ ಹೇಗಿರುತ್ತದೆ?

ಸುರಪುರದ ಒಂದು ಓಣಿಯಲ್ಲಿ, ಈಚೆಗೆ ಒಂದು ರವಿವಾರ ಮಧ್ಯಾಹ್ನ, ಹೀಗೇ ಆಯಿತು. ನಾಲ್ಕೈದು ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ಓಡಿ ಬಂದರು. ಒಬ್ಬಳ ಕೈಗೆ ಇನ್ನೂ ರೊಟ್ಟಿ ಹಿಟ್ಟು ಮೆತ್ತಿತ್ತು. ಎಲ್ಲರಿಗಿಂತ ಮುಂದಿದ್ದ ಈರಮ್ಮ ಹೊಸ್ತಿಲ ಹೊರಗೇ ಕುಸಿದು ಕುಳಿತು, "ಅಯ್ಯೋ ನನ್ನ ನೀಲವ್ವಾ, ಮಾತಿಲ್ಲದ ಬಿಟ್ಟು ಹೋದಿಯಲ್ಲವ್ವಾ" ಎಂದು ರಾಗ ಎತ್ತಿದಳು. ಬಾಗಿಲು ತೆರೆಯಿತು. ನೀಲಾ ನಿಂತಿದ್ದಳು. ಬಾಯಲ್ಲಿ ಹುರಿದ ಶೇಂಗಾ.

"ಯಾರು ಸತ್ತಾರ?" ಅಂದಳು.

ಈರಮ್ಮ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನೀನs" ಅಂದಳು.

ತಡೆಯಿರಿ. ಹೀಗೆ ನಡುವಿನಿಂದ ಹೇಳಿದರೆ ನೀವು ನಮ್ಮನ್ನು ಹುಚ್ಚರೆಂದುಕೊಳ್ಳುತ್ತೀರಿ. (ಆ ಓಣಿಯವರು ಆಗಲೇ ಅಂದುಕೊಂಡಿದ್ದಾರೆ.) ಮೊದಲಿನಿಂದ ಹೇಳುತ್ತೇನೆ.

ನಾವು ಮೂವರು ಗೆಳತಿಯರು. ಯಾದಗಿರಿಯಲ್ಲಿ ಓದುವಾಗ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದೆವು. ನೀಲಾ ಈಗ ಸುರಪುರದಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರ್. ಶರಣಮ್ಮ, ನಮ್ಮ ಬಾಯಲ್ಲಿ ಶರಣಿ, ಯಾದಗಿರಿಯಲ್ಲಿ ಮನೆ ಮಾಡಿಕೊಂಡು ದಿನಾ ಬಳಿಚಕ್ರದ ಪ್ರೈಮರಿ ಶಾಲೆಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಬಳಿಚಕ್ರ ಅವಳ ತವರೂರೂ ಹೌದು. ನಾನು ಇವರಿಬ್ಬರ ನಡುವೆ ಶಹಾಪುರದಲ್ಲಿ ಕಾಲೇಜಿನ ಮಕ್ಕಳಿಗೆ ಪಾಠ ಹೇಳುತ್ತ, ವಾರಕ್ಕೊಮ್ಮೆ ಈ ಅಂಕಣಕ್ಕೆ ಬಂದು ನಿಮ್ಮ ತಲೆ ತಿನ್ನುತ್ತ ಇದ್ದೇನೆ.

ನಮ್ಮ ಫೋನು ಶುರುವಾಗುವುದೇ "ಸತ್ತೀಯೋ ಇದ್ದೀಯೋ?" ಎಂಬಲ್ಲಿಂದ. ಶರಣಿ ಹೊಸ ಸೀರೆ ಉಟ್ಟು ಫೋಟೋ ಕಳಿಸಿದರೆ, "ಅಂಗಡ್ಯಾಗ ಬ್ಯಾರೆ ಇರಲಿಲ್ಲೇನು?" ಎಂದು ಉತ್ತರ ಹೋಗುತ್ತದೆ. ನನ್ನ ಅಂಕಣ ಬಂದ ದಿನ ನೀಲಾ ತಪ್ಪದೆ ಕರೆ ಮಾಡುತ್ತಾಳೆ. "ಓದಿದೆ. ಕಡೀ ಸಾಲು ಛಲೋ ಅದ, ಯಾಕಂದ್ರ ಅಲ್ಲಿಗಿ ಮುಗೀತದ" ಅನ್ನುತ್ತಾಳೆ. ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದ ನಮ್ಮ ಸಹೋದ್ಯೋಗಿಯೊಬ್ಬರು ಒಮ್ಮೆ ನಾನು ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು, ಗಾಬರಿಯಾಗಿ, "ಏನ್ ಮೇಡಂ, ಜಗಳಾನಾ?" ಅಂದರು. ಇಲ್ಲ ಸರ್, ಗೆಳತಿ, ಕ್ಷೇಮಸಮಾಚಾರ ಕೇಳುತ್ತಿದ್ದೆ ಅಂದೆ. ಅವರು ನಂಬಲಿಲ್ಲ.

ಹಾಗಂತ ಗೆಳತಿಯರ ಗುಣ ನಮಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಬೇರೆಯವರ ಮುಂದೆ ಹೇಳಿಕೊಂಡು ತಿರುಗುವುದೂ ಇದೆ. ನೀಲಾಳ ಬಗ್ಗೆ ನನ್ನ ಕಾಲೇಜಿನ ಸ್ಟಾಫ್ ರೂಮಿಗೆಲ್ಲ ಗೊತ್ತು. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಅವಳು ಆಡಿಸುವ ನಾಟಕ ನೋಡಲು ಹುಣಸಗಿಯಿಂದ ಜನ ಬರುತ್ತಾರೆ. ರಟ್ಟು, ಗೋಣಿಚೀಲ, ಹಳೆಯ ಸೀರೆ, ಬಣ್ಣದ ಕಾಗದ ಕೊಟ್ಟರೆ ಸಾಕು, ಅರಮನೆ ಎಬ್ಬಿಸುತ್ತಾಳೆ. ಅದಕ್ಕಿಂತ ದೊಡ್ಡದು, ಪಾತ್ರ ಹಂಚುವ ಅವಳ ಕಣ್ಣು. ಎಲ್ಲ ಟೀಚರುಗಳೂ ಬೆಳ್ಳಗಿರುವ, ಪಟಪಟ ಮಾತಾಡುವ ಹುಡುಗಿಯನ್ನು ರಾಣಿ ಮಾಡಿದರೆ, ಇವಳು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತವಳನ್ನು ಎಬ್ಬಿಸುತ್ತಾಳೆ. ಆ ಹುಡುಗಿ ಸ್ಟೇಜಿನ ಮೇಲೆ ತಲೆ ಎತ್ತಿದಾಗ ಅವಳ ಅವ್ವನಿಗೇ ಗುರುತು ಸಿಗುವುದಿಲ್ಲ.

ಇದನ್ನೆಲ್ಲ ನಾನು ಎಲ್ಲರಿಗೂ ಹೇಳಿದ್ದೇನೆ. ನೀಲಾಳಿಗೆ ಬಿಟ್ಟು.

ಇನ್ನು ಶರಣಿ. ಅವಳ ಪ್ರತಿಭೆ ವಿಚಿತ್ರ. ಹೇಳಬೇಕೆಂದರೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು.

ನಮ್ಮಲ್ಲಿ ಸಾವಾದ ಮನೆಯಲ್ಲಿ ಹೆಣ್ಣುಮಕ್ಕಳು ಸುಮ್ಮನೆ ಅಳುವುದಿಲ್ಲ. ಹಾಡ್ಯಾಡಿ ಅಳುತ್ತಾರೆ. ಹೆಣದ ಪಕ್ಕ ಕುಳಿತು, ಸತ್ತವರನ್ನೇ ಕರೆದು, ಅವರು ಮಾಡಿದ್ದು, ಕೊಟ್ಟದ್ದು, ಉಣಿಸಿದ್ದು ಎಲ್ಲವನ್ನೂ ಒಂದು ರಾಗದಲ್ಲಿ ಎಳೆದೆಳೆದು ಹೇಳುತ್ತಾರೆ. ಮಾತು ಅಲ್ಲೇ ಹುಟ್ಟಬೇಕು. ಬಾಯಿಪಾಠ ನಡೆಯುವುದಿಲ್ಲ. ಎಷ್ಟೋ ಜನ "ನನ್ನ ಬಂಗಾರವ್ವಾ, ನನ್ನ ಮುತ್ತವ್ವಾ" ಎಂದು ಅಲ್ಲಲ್ಲೇ ಸುತ್ತುತ್ತಾರೆ. ಶರಣಿ ಹಾಗಲ್ಲ. ಅವಳಿಗೆ ಇದು ಬಳಿಚಕ್ರದ ಅಜ್ಜಿಯಿಂದ ಬಂದದ್ದು. ಸತ್ತವರಲ್ಲಿ ಇದ್ದ, ಯಾರೂ ಗಮನಿಸದ ಒಂದು ಗುಣವನ್ನು ಹುಡುಕಿ ಹೊರಗೆ ತರುತ್ತಾಳೆ.

ಒಮ್ಮೆ ಅವರೂರಲ್ಲಿ ಒಬ್ಬ ಮುದುಕ ತೀರಿಕೊಂಡ. ಭಾರಿ ಜಗಳಗಂಟ. ಹೆಂಡತಿ, ಮಕ್ಕಳು, ಸೊಸೆ, ಬೀಗರು, ಯಾರನ್ನೂ ಬಿಟ್ಟವನಲ್ಲ. ಹೆಣದ ಮುಂದೆ ಕುಳಿತ ಹೆಂಗಸರಿಗೆ ಏನು ಹಾಡುವುದೆಂದೇ ತೋಚದು. ಹೆಂಡತಿಯ ಕಣ್ಣಲ್ಲೂ ನೀರಿಲ್ಲ. ಶರಣಿ ಬಂದು ಕುಳಿತು, ಒಂದು ಗಳಿಗೆ ನೋಡಿ, "ಎತ್ತಿನ ಕೊರಳು ತುರಿಸಿ ತುರಿಸಿ ಮಲಗಿಸ್ತಿದ್ದೆಪ್ಪಾ, ಇನ್ನ ನಿನ್ನೆತ್ತು ಯಾರ ದನಿ ಕೇಳಿ ಕಿವಿ ನಿಮಿರಸ್ತಾವಪ್ಪಾ" ಎಂದಳಂತೆ. ಅಷ್ಟೇ. ಆ ಹೆಂಡತಿ ಬೋರ್ಯಾಡಿ ಅತ್ತಳಂತೆ.

"ಸುಳ್ಳು ಹಾಡಿದ್ರ ನಂಗ ಅಳು ಬರಂಗಿಲ್ಲ" ಅನ್ನುತ್ತಾಳೆ ಶರಣಿ. ಸುಳ್ಳಾಗದ ಹಾಗೆ ಹೊಗಳಬೇಕಾದರೆ ಮನುಷ್ಯನನ್ನು ಎಷ್ಟು ಹತ್ತಿರದಿಂದ ನೋಡಿರಬೇಕು! ಇದು ಪ್ರತಿಭೆಯಲ್ಲವೇ? ಆದರೆ ಇದಕ್ಕೆ ಸ್ಟೇಜಿಲ್ಲ, ಮೈಕಿಲ್ಲ. "ಒಂದ್ ಹಾಡು ಹಾಡ್ರಿ ಟೀಚರ್" ಎಂದು ಶಾಲೆಯಲ್ಲಿ ಕೇಳಿದರೆ ಅವಳಿಗೆ ಗಂಟಲೇ ಏಳುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ನೀಲಾಳಿಗೆ ಹೊಟ್ಟೆನೋವು ಶುರುವಾಗಿತ್ತು. ಗ್ಯಾಸು, ಗುಳಿಗೆ, ಓಮದ ನೀರು ಎಂದು ದಿನ ತಳ್ಳಿದಳು. ಕೊನೆಗೆ ಕಲಬುರಗಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದಾಗ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಆಪರೇಷನ್ ಆಗಲೇಬೇಕು, ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸಿದ ಮೇಲೇ ಅದು ಎಂಥದ್ದೆಂದು ಹೇಳಬಹುದು ಅಂದರು ಡಾಕ್ಟರು. ಅವಳ ಅವ್ವ ಹೋದದ್ದೂ ಇಂಥದ್ದೇ ಗಡ್ಡೆಯಿಂದ. ಅದನ್ನು ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ದಿನದಿಂದ ನಮ್ಮ ಮೂವರ ಫೋನು ಬದಲಾಯಿತು. "ಸತ್ತೀಯೋ ಇದ್ದೀಯೋ" ಎಂದು ಕೇಳುವ ಧೈರ್ಯ ಯಾರಿಗಿದೆ? "ಊಟ ಆತಾ? ಗುಳಿಗಿ ತಗೊಂಡ್ಯಾ? ಆರಾಮ ತಗೋ." ಬೈಗುಳವೆಲ್ಲ ಎಲ್ಲಿ ಹೋಯಿತೋ. ದೂರದ ಬೀಗರ ಜೊತೆ ಮಾತಾಡಿದ ಹಾಗೆ ಮಾತಾಡತೊಡಗಿದೆವು.

ಆಪರೇಷನ್ನಿನ ಹಿಂದಿನ ರವಿವಾರ ಶರಣಿ, ನಾನು ಸುರಪುರಕ್ಕೆ ಹೊರಟೆವು. ಅವಳು ಯಾದಗಿರಿಯಿಂದ ಬಂದು ಶಹಾಪುರದ ಸ್ಟ್ಯಾಂಡಿನಲ್ಲಿ ಇಳಿದಳು. ಕೈಚೀಲದಲ್ಲಿ ಕಟಕ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಬಸ್ಸಿನಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಗಡ್ಡೆಯ ಮಾತೆತ್ತುವುದು ಬೇಡ. ಕಣ್ಣೀರು ಬೇಡವೇ ಬೇಡ. ನಗಿಸಿ ಬರೋಣ.

ಮನೆಯಲ್ಲಿ ನೀಲಾ ಒಬ್ಬಳೇ ಇದ್ದಳು. ಅವಳ ಗಂಡನದು ಹುಣಸಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ, ಬಿತ್ತನೆಯ ಕಾಲಕ್ಕೆ ರವಿವಾರವೂ ತೆರೆದಿರಬೇಕು. ನಾವು ಹೋದದ್ದೇ ನಾಟಕ ಶುರು ಮಾಡಿದೆವು. ನೀನು ಏಳಬೇಡ, ನಾನು ಚಹಾ ಮಾಡುತ್ತೇನೆ ಅಂದೆ. ಶರಣಿ ಪರದೆ ಹೊಗಳಿದಳು. ನಾನು ತುಕ್ಕು ಹಿಡಿದ ಪಾತ್ರೆ ಸ್ಟ್ಯಾಂಡನ್ನು ಹೊಗಳಿದೆ. "ನೀ ಸ್ವಲ್ಪ ಬೆಳ್ಳಗಾಗೀದಿ ನೋಡು" ಅಂದಳು ಶರಣಿ.

ನೀಲಾ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಯಾಕ್ರೇ, ಏನಾಗ್ಯಾದ ನಿಮಗ? ಡಾಕ್ಟರ್ ಹೇಳಿದಾಗೂ ನಾ ಇಷ್ಟು ಅಂಜಿರಲಿಲ್ಲ. ನಿಮ್ಮ ಮರ್ಯಾದಿ ನೋಡಿ ಎದಿ ಧಸಕ್ಕಂತು."

ನಾನು ಚಹಾದ ಕಪ್ಪು ತಂದಿಟ್ಟೆ. ಶರಣಿ ಹುರಿದ ಶೇಂಗಾ ಮೊರಕ್ಕೆ ಹಾಕಿಕೊಂಡು ಸಿಪ್ಪೆ ಉಜ್ಜುತ್ತ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ನೀಲಾ, ಮಾರ್ಕೆಟ್ಟಿನಿಂದ ಬದನೆಕಾಯಿ ತಾ ಎಂಬಷ್ಟು ಸಹಜವಾಗಿ ಕೇಳಿದಳು:

"ಶರಣೀ, ನಾ ಸತ್ತರ ಏನ್ ಹಾಡತಿ?"

"ಥೂ! ಬಾಯಿ ತೊಳಕೋ!" ಶರಣಿ ಸಿಪ್ಪೆಯ ಮೊರವನ್ನೇ ಕುಕ್ಕಿದಳು.

"ಅಲ್ಲ, ಖರೇನ ಕೇಳಾಕತ್ತೀನಿ. ಬಳಿಚಕ್ರದ ಮಂದಿಗೆಲ್ಲ ಹಾಡೀದಿ. ಆ ಜಗಳಗಂಟ ಮುದುಕಗೂ ಹಾಡೀದಿ. ನನಗ ಹಾಡ್ತೀಯೋ ಇಲ್ಲೋ?"

"ಈಗ ಯಾಕ ಅದು?"

"ಮತ್ತ ಯಾವಾಗ? ನಾ ಮಲಗಿದ ಮ್ಯಾಲ ನೀ ಊರ ಮಂದಿ ಮುಂದ ಛಂದ ಹಾಡ್ತಿ. ಅವರೆಲ್ಲ ಕೇಳ್ತಾರ. ನಾನ ಒಬ್ಬಾಕಿ ಕೇಳಂಗಿಲ್ಲ. ಇದ್ಯಾವ ನ್ಯಾಯ?"

ನೀಲಾ ಬೌದ್ಧ ಮನೆತನದವಳು. ರಾಹುಕಾಲ, ಅಡ್ಡ ಬಂದ ಬೆಕ್ಕು, ಸೀನು ಇವೆಲ್ಲ ಆ ಮನೆಯ ಹೊಸ್ತಿಲು ದಾಟಿಲ್ಲ. ಶರಣಿ ಹಾಗಲ್ಲ. ಬಸ್ಸಿನ ಟಿಕೆಟ್ಟಿನ ನಂಬರು ಕೂಡಿಸಿ ಶಕುನ ನೋಡುವವಳು. ಬದುಕಿದ್ದವರಿಗೆ ಹಾಡುವುದೆಂದರೆ ನಮ್ಮಲ್ಲಿ ಸಾವನ್ನು ಮನೆಗೆ ಕರೆದ ಹಾಗೆ.

ನಾನು ನಡುವೆ ಬಾಯಿ ಹಾಕಿದೆ. "ಹಾಡೂದು ಯಾಕ ಬೇಕು? ನಾ ಹೇಳ್ತೀನಿ ಕೇಳು. ನೀ ಬಾಳ ಛಲೋ ಹೆಣ್ಮಗಳು, ನೀಲಾ. ನಿನ್ನ ಮನಸು ದೊಡ್ಡದು. ನಿನ್ನಂಥಾ ಗೆಳತಿ..."

"ಇದು ಯಾರಿಗರ ಹೇಳಬಹುದು" ಅಂದಳು ನೀಲಾ. "ರೇಷನ್ ಅಂಗಡಿ ಸಾಹುಕಾರಗೂ ಹೇಳಬಹುದು. ವಾರವಾರ ಬರೀತಿ, ಇಷ್ಟ ಏನು?"

(ಓದುಗರೇ, ನಿಮ್ಮ ಅಂಕಣಕಾರ್ತಿಯ ಯೋಗ್ಯತೆ ಇಷ್ಟು.)

ಆಮೇಲೆ ಅವಳು ದನಿ ಇಳಿಸಿ ಹೇಳಿದ್ದನ್ನು ನಾನು ಮರೆಯುವುದಿಲ್ಲ. "ಸಾಯೋದಕ್ಕ ಅಂಜಿಕಿ ಇಲ್ಲ ಅಂತ ಸುಳ್ಳು ಹೇಳಂಗಿಲ್ಲ. ಅಂಜಿಕಿ ಅದ. ಆದ್ರ ರಾತ್ರಿ ನಿದ್ದಿ ಕೆಡಸೋದು ಅದಲ್ಲ. ಇಷ್ಟು ವರ್ಷ ಸಾಲಿ, ಮನಿ, ನಾಟಕ, ನೀವು ಅಂತ ಓಡಾಡೀನಿ. ಅದರಾಗ ಯಾವುದರ ಒಂದು ಯಾರಿಗರ ಮುಟ್ಟೇದೋ ಇಲ್ಲೋ? ಅದು ಗೊತ್ತಾಗಲಾರದ ಹೋಗಬೇಕೇನು ನಾ?"

ಹೊರಗೆ ನಳಕ್ಕೆ ನೀರು ಬಂದಿತ್ತು, ಕೊಡಗಳ ಸಪ್ಪಳ ಕೇಳುತ್ತಿತ್ತು.

ಶರಣಿ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ನೀಲಾಳ ಎದುರು ನೆಲದ ಮೇಲೆ ಕುಳಿತಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಬಹಳ ಸಣ್ಣ ದನಿಯಲ್ಲಿ ಎತ್ತಿದಳು.

"ಕಡೀ ಬೆಂಚಿನ ಹುಡುಗೀನ ಕೈ ಹಿಡದು ಎಬ್ಬಿಸಿದಾಕೀ... ನನ್ನ ಗೆಳತೀ... ನಿನ್ನ ಮದುವಿ ರೇಷ್ಮಿ ಕತ್ತರಿಸಿ ಅಕೀನ ರಾಣಿ ಮಾಡಿದಾಕೀ... ನನ್ನವ್ವಾ..."

"ರೇಷ್ಮಿ ಅಲ್ಲಲೇ ಅದು" ಅಂದಳು ನೀಲಾ. "ರೇಷ್ಮಿಯಂಗ ಕಾಣೋದು. ಅಷ್ಟೇನ್ ದೊಡ್ಡ ಮನಸಿಲ್ಲ ನಂದು."

ಶರಣಿ ಕಣ್ಣು ತೆರೆಯಲಿಲ್ಲ. ರಾಗವನ್ನೂ ಬಿಡಲಿಲ್ಲ. "ಸುಳ್ಳ ರೇಷ್ಮಿ ಉಡಿಸಿ ಉಡಿಸಿ ಖರೇ ರಾಣೀನ ಮಾಡಿದಾಕೀ... ನನ್ನವ್ವಾ..."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ತಪ್ಪು ಹಿಡಿದವಳ ಮಾತನ್ನೇ ಎತ್ತಿಕೊಂಡು ಅಲ್ಲೇ, ಆ ಕ್ಷಣಕ್ಕೇ, ಇನ್ನೂ ಚೆಂದ ಮಾಡಿ ಕೊಡುವುದೆಂದರೇನು!

ಆಮೇಲೆ ಶರಣಿಯ ಹಾಡಿನಲ್ಲಿ ನನ್ನ ಸರದಿ ಬಂತು. "ಬರಿಯಾಕಿ ಬರದರ ಊರ ಮಂದಿ ಹೊಗಳಿದರವ್ವಾ, ನೀ ಒಬ್ಬಾಕಿ ಬೈದೆವ್ವಾ, ಬೈಯ್ಯಾಕ ಅಂತ ಪ್ರತಿ ಅಕ್ಷರ ಓದಿದೆವ್ವಾ..." ಇದು ನನಗೂ ಹೊಳೆದಿರಲಿಲ್ಲ. ಹೊಗಳಿದವರಲ್ಲಿ ಅರ್ಧ ಜನ ಹೆಡ್ಡಿಂಗು ಮಾತ್ರ ಓದಿರುತ್ತಾರೆ. ಬೈಯಬೇಕಾದರೆ ಪೂರ್ತಿ ಓದಲೇಬೇಕು.

ದನಿ ಅದಾಗಿಯೇ ಏರುತ್ತಿತ್ತು. ಈಗ ಶರಣಿ ತನ್ನ ಪಾಲಿನದಕ್ಕೆ ಬಂದಳು.

"ನನ್ನ ಕೂಸು ಮಣ್ಣಿಗಿ ಹೋದಾಗ ಎಲ್ಲಾರೂ ಬಂದರವ್ವಾ... ದೇವರು ಕೊಟ್ಟ, ದೇವರು ಒಯ್ದ ಅಂದರವ್ವಾ... ನೀ ಒಬ್ಬಾಕಿ ಏನೂ ಅನ್ನಲಿಲ್ಲವ್ವಾ... ಅಡಗಿಮನ್ಯಾಗ ಕುಂತು ಮೆಂತೆ ಸೋಸಿದೆವ್ವಾ... ಸೋಸಿದ್ದ ಸೋಸಿದೆವ್ವಾ... ಆ ಮೆಂತೆ ಪಲ್ಲೆ ಉಂಡು ನಾ ಮತ್ತ ಬದುಕಿದೆನವ್ವಾ..."

ಮೊರದ ಶೇಂಗಾ ಬಾಯಿಗೆ ಹಾಕಿಕೊಂಡಿದ್ದ ನೀಲಾ ಅಗಿಯುವುದನ್ನು ನಿಲ್ಲಿಸಿದಳು. ಶರಣಿಯ ಮೊದಲ ಕೂಸು ಹುಟ್ಟಿದ ಮೂರನೆಯ ದಿನಕ್ಕೆ ಹೋದದ್ದು ನಮಗೆ ಗೊತ್ತು. ಆ ಬಗ್ಗೆ ಅವಳು ನಮ್ಮ ಮುಂದೆ ಒಂದು ಮಾತೂ ಆಡಿದವಳಲ್ಲ. ಆಗ ನೀಲಾ ವಾರಗಟ್ಟಲೆ ಅವಳ ಮನೆಯಲ್ಲಿದ್ದಳು. ಏನು ಮಾಡಿದೆ ಅಲ್ಲಿ ಎಂದು ನಾನು ಕೇಳಿದ್ದಕ್ಕೆ, "ಏನೂ ಮಾಡಾಕಾಗಲಿಲ್ಲಲೇ, ಸುಮ್ಮ ಕುಂತು ಬಂದೆ" ಎಂದು ನಾಚಿಕೊಂಡು ಹೇಳಿದ್ದಳು. ಯಾವುದನ್ನು ಏನೂ ಅಲ್ಲ ಎಂದು ನೀಲಾ ಇಷ್ಟು ವರ್ಷ ತಿಳಿದಿದ್ದಳೋ, ಅದನ್ನೇ ಉಂಡು ಶರಣಿ ಬದುಕಿದ್ದಳು.

ನಾನು ಜೋರಾಗಿಯೇ ಅತ್ತೆ. ಶರಣಿಯ ದನಿ ಮಾಡು ಮುಟ್ಟಿತ್ತು. ನೀಲಾ ಒಂದು ಹಿಡಿ ಶೇಂಗಾ ತೆಗೆದು ಬಾಯಿಗೆ ತುಂಬಿಕೊಂಡಳು. (ಕಣ್ಣೀರು ತಡೆಯಲು ಅವಳು ಮೊದಲಿನಿಂದ ಬಲ್ಲ ಉಪಾಯ ಇದೊಂದೇ. ಹಾಸ್ಟೆಲ್ಲಿನಲ್ಲೂ ಹೀಗೇ.)

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಮುಂದಿನದು ನಿಮಗೆ ಗೊತ್ತಿದೆ.

ಓಣಿಯವರದೇನು ತಪ್ಪು? ನೀಲಾ ಟೀಚರಿಗೆ ಆರಾಮಿಲ್ಲ ಎಂದು ಎಲ್ಲರಿಗೂ ಗೊತ್ತು. ಮುಚ್ಚಿದ ಬಾಗಿಲ ಹಿಂದಿನಿಂದ ಹಾಡ್ಯಾಡಿ ಅಳುವ ದನಿ ಕೇಳಿದರೆ ಯಾರಾದರೂ ಏನು ತಿಳಿಯಬೇಕು? ಗ್ಯಾಸ್ ಆರಿಸದೆಯೇ ಓಡಿ ಬಂದಿದ್ದರು.

ಅದರಲ್ಲೂ ಈರಮ್ಮ! ನಳದ ನೀರಿಗಾಗಿ ಕೊಡಕ್ಕೆ ಕೊಡ ತಾಗಿಸಿ ಜಗಳವಾಡಿ, ನೀಲಾಳ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವಳೇ ಎಲ್ಲರಿಗಿಂತ ಮೊದಲು ಬಂದು ಕುಸಿದಿದ್ದಳು. ಸತ್ತವಳು ಎದುರು ನಿಂತು ಶೇಂಗಾ ಅಗಿಯುವುದನ್ನು ಕಂಡು ಮೊದಲು ಬೆಪ್ಪಾದಳು, ಆಮೇಲೆ ಉರಿದುಬಿದ್ದಳು.

"ಬುದ್ಧಿ ಅದ ಏನ್ರಿ ನಿಮಗ? ಟೀಚರ್ ಅಂತ ಟೀಚರ್! ಜೀವಂತ ಕುಂತಾಕಿ ಮುಂದ ಹಾಡ್ಯಾಡಿ ಅಳತೀರಿ? ನನ್ನ ಎದಿ ಒಡದು ನಾನs ಸತ್ತಿದ್ರ ಯಾರು ಹಾಡ್ತಿದ್ರು?"

"ಬಂದೀದಿ, ಒಳಗ ಬಾ ಈರಕ್ಕ" ಅಂದಳು ನೀಲಾ. "ಹಾಡು ಅರ್ಧಕ್ಕ ಬಿಟ್ಟಿ. ಮುಂದ ಏನಿತ್ತು, ಹೇಳು."

"ನಿನಗ ಹೇಳಾಕ ನನಗೇನ್ ಹುಚ್ಚು ಹಿಡದದ?" ಈರಮ್ಮ ಮೂಗು ಒರೆಸಿಕೊಂಡು ಒಳಗೆ ಬಂದು ಕುಳಿತಳು. ಚಹಾ ಬಂತು. ಅರ್ಧ ಕಪ್ಪು ಕುಡಿದ ಮೇಲೆ, ಗೋಡೆಗೆ ಮುಖ ಮಾಡಿಕೊಂಡು ಅಂದಳು: "ನಮ್ಮ ಹುಡುಗಿ ರೇಣುಕಾ ಎಸ್ಸೆಲ್ಸಿ ಹೆಂಗ ಪಾಸಾತು ಅಂತ ನಂಗೇನ್ ಗೊತ್ತಿಲ್ಲೇನು? ನಾವು ಮಾತು ಬಿಟ್ಟ ಮ್ಯಾಲೂ ಆಕಿನ ಸಾಲ್ಯಾಗ ಕುಂಡ್ರಿಸಿಕೊಂಡು ವಿಜ್ಞಾನ ಹೇಳಿಕೊಟ್ಟೀದಿ. ಗೊತ್ತದ ನಂಗ."

ಎಂದವಳೇ ಎದ್ದು ಹೋಗಿ ತನ್ನ ಮನೆಯಿಂದ ಉಪ್ಪು ಮೆಣಸಿನಕಾಯಿ ಹಿಡಿದು ಬಂದಳು. "ನಮ್ಮ ಮನ್ಯಾಗ ದೃಷ್ಟಿ ಗಿಷ್ಟಿ ಇಲ್ಲ, ಈರಕ್ಕ" ಅಂದಳು ನೀಲಾ. "ನಿಮ್ಮ ಮನ್ಯಾಗ ಇಲ್ಲದಿದ್ರ ಇಲ್ಲ, ನಮ್ಮ ಮನ್ಯಾಗ ಅದ. ಸುಮ್ ಕುಂಡ್ರು" ಎಂದು ಇಳಿ ತೆಗೆದೇ ಹೋದಳು.

ನಾವು ನಗುತ್ತ ಹೊರಟೆವು. ಆದರೆ ಬಸ್ಸು ಸುರಪುರ ದಾಟುತ್ತಲೇ ಶರಣಿಯ ಮುಖ ಕಪ್ಪಿಟ್ಟಿತು.

"ತಪ್ಪು ಮಾಡಿದೆ ಏನs ನಾ?" ಅಂದಳು. "ಏನರ ಆದ್ರ, ನಾ ಹಾಡಿದ್ದಕ್ಕ ಆತು ಅಂತಾರ. ಮಂದಿ ಅನ್ನೋದು ಹೋಗಲಿ. ನಾನs ಅಂದುಕೊಳ್ತೀನಿ."

ಏನೂ ಆಗುವುದಿಲ್ಲ ಎಂದು ಹೇಳಿದೆ. ನನ್ನ ದನಿ ನನಗೇ ನಂಬಿಕೆ ಬರುವಂತಿರಲಿಲ್ಲ. ಸಂಜೆಗೆ ಸುದ್ದಿ ಹುಣಸಗಿ ಮುಟ್ಟಿತ್ತು. ನೀಲಾಳ ಗಂಡ ನನಗೆ ಫೋನು ಮಾಡಿದರು. ಸಿಟ್ಟಿಗಿಂತ ಹೆಚ್ಚು ಅಳುಕು ಇತ್ತು. "ಮೇಡಂ, ನಾವು ಶಕುನಾ ನಂಬಂಗಿಲ್ಲರಿ, ಖರೆ. ಆದ್ರೂ... ಇನ್ನೊಂದು ಸ್ವಲ್ಪ ದಿನ ತಡದು ಹಾಡಿದ್ರ ಆಗ್ತಿತ್ತಲ್ರಿ." ತಡೆದು ಹಾಡುವುದೇ ನಮ್ಮ ಪದ್ಧತಿ, ಅದನ್ನು ಮುರಿಯಬೇಕೆಂದು ಕೇಳಿದವಳು ನಿಮ್ಮ ಹೆಂಡತಿಯೇ ಅನ್ನಲೇ? "ತಪ್ಪಾತ್ರಿ" ಅಂದೆ.

ಆ ವಾರ ನಾನು ಬಹಳ ಯೋಚಿಸಿದೆ. ನಮ್ಮ ಕಡೆ ಹೊಗಳಿಕೆಗೆ ಬರವಿದೆಯೇ? ಛೆ. ಮೊನ್ನೆ ತಾನೇ ವರ್ಗವಾಗಿ ಬಂದ, ಕುರ್ಚಿ ಇನ್ನೂ ಬೆಚ್ಚಗಾಗದ ಅಧಿಕಾರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಹುಟ್ಟುಹಬ್ಬಕ್ಕೆ ಸರ್ಕಲ್ಲಿನ ತುಂಬ ಫ್ಲೆಕ್ಸು. ಅವರ ಒಂದು ಗುಣವೂ ಗೊತ್ತಿಲ್ಲದೆ ಮೈಕಿನ ಮುಂದೆ ಗಂಟೆಗಟ್ಟಲೆ ಹೊಗಳುತ್ತೇವೆ. ಆದರೆ ನಿಜವಾಗಿ ಬಲ್ಲವರ ಮುಂದೆ ನಮ್ಮ ನಾಲಿಗೆ ಕಟ್ಟುತ್ತದೆ. ಹೇಳಿದರೆ ದೃಷ್ಟಿಯಾದೀತು. ಸೊಕ್ಕು ಬಂದೀತು. ನಾಟಕ ಅಂದುಕೊಂಡಾರು. "ಅದನ್ನೇನ್ ಹೇಳೋದು, ಅವರಿಗೆ ಗೊತ್ತೇ ಇರ್ತದ."

ಗೊತ್ತಿರುತ್ತದೆಯೇ? ನಿಜವಾಗಿ? ನೀಲಾಳಿಗೆ ಮೆಂತ್ಯೆಯ ಕಥೆ ಗೊತ್ತಿರಲಿಲ್ಲ. ಈರಮ್ಮ ಮಾತು ಬಿಟ್ಟರೂ ಮನಸ್ಸು ಬಿಟ್ಟಿಲ್ಲ ಎಂಬುದು ಗೊತ್ತಿರಲಿಲ್ಲ. ಅಷ್ಟೇಕೆ, ತನ್ನ ಹಾಡು ಎಂಥದ್ದೆಂದು ಶರಣಿಗೆ ಗೊತ್ತಿದೆಯೇ? ಅವಳ ಹಾಡಿನ ಬಗ್ಗೆ ಇದುವರೆಗೆ ನಾನು ಅವಳಿಗೆ ಹೇಳಿದ್ದು, "ನಿನ್ನ ಕಂಡ್ರ ಮುದುಕರು ಅಂಜಿ ಓಡ್ತಾರ ನೋಡು" ಎಂಬ ಒಂದೇ ಮಾತು. ಅದನ್ನು ಕೇಳಿ ಅವಳೂ ನಕ್ಕಿದ್ದಳು.

ನಮ್ಮ ಬೈಗುಳ ಪ್ರೀತಿಯೇ, ಅದರಲ್ಲಿ ನನಗೆ ಸಂಶಯವಿಲ್ಲ. ಅದನ್ನು ಬಿಡುವುದೂ ಬೇಡ. ನಾಳೆಯಿಂದ ನಾವು ಮೂವರೂ "ನೀನು ಎಷ್ಟು ಒಳ್ಳೆಯವಳೇ" ಎಂದು ಶುರು ಮಾಡಿದರೆ ಆ ಗೆಳೆತನ ವಾರವೊಪ್ಪತ್ತಿನಲ್ಲಿ ಹಳಸುತ್ತದೆ. ಆದರೂ ಬೈಗುಳದ ಒಳಗೆ ಏನಿದೆ ಎಂದು ಎಂದಾದರೂ ಒಂದು ದಿನ ಬಿಚ್ಚಿ ತೋರಿಸಬೇಡವೇ? ಎದುರಿನವಳು ತಾನೇ ಬಿಚ್ಚಿಕೊಳ್ಳಲಿ ಎಂದು ಬಿಟ್ಟರೆ, ರಾತ್ರಿ ನಿದ್ದೆ ಬಾರದೆ ಮಲಗಿದಾಗ ಅವಳ ಕೈಗೆ ಸಿಗುವುದು ಬರೀ ಬೈಗುಳ.

ಆಪರೇಷನ್ನಿನ ದಿನ ಕಲಬುರಗಿಯ ಆಸ್ಪತ್ರೆಯ ವರಾಂಡದಲ್ಲಿ ನಾವಿಬ್ಬರೂ ಇದ್ದೆವು. ಶರಣಿ ಹಿಂದಿನ ದಿನವೇ ಕೊಡೇಕಲ್ಲಿನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದಿದ್ದಳು. ಕೈಯಲ್ಲಿ ಅಲ್ಲಿಯ ಪ್ರಸಾದ, ಭಂಡಾರದ ಪೊಟ್ಟಣ ಮುದ್ದೆಯಾಗಿತ್ತು. ನೀಲಾಳ ಗಂಡ ನಮ್ಮಿಂದ ಸ್ವಲ್ಪ ದೂರ ಕುಳಿತಿದ್ದರು. ಶರಣಿ ಅವರ ಕಡೆ ನೋಡಲೂ ಅಂಜುತ್ತಿದ್ದಳು. ಬಾಗಿಲು ತೆರೆದು ನರ್ಸಮ್ಮ ಹೊರಗೆ ಬಂದಾಗಲೆಲ್ಲ ನನ್ನ ಮುಂಗೈ ಹಿಂಡುತ್ತಿದ್ದಳು. ಗಡ್ಡೆ ತೆಗೆದರು. ನೀಲಾ ಕಣ್ಣು ತೆರೆದಳು. ಆದರೆ ಪರೀಕ್ಷೆಗೆ ಕಳಿಸಿದ್ದರ ಫಲ ಬರಬೇಕಿತ್ತಲ್ಲ? ಅಲ್ಲಿಯವರೆಗೆ ಶರಣಿ ಸರಿಯಾಗಿ ಉಂಡಿಲ್ಲ. ನಡುವೆ ಬಳಿಚಕ್ರದಲ್ಲಿ ಯಾವುದೋ ಸಾವಾಗಿ ಕರೆ ಬಂದರೆ, ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿದಳಂತೆ.

ರಿಪೋರ್ಟು ಬಂತು. ಹೆದರುವಂಥದ್ದು ಏನೂ ಇಲ್ಲ, ಗಡ್ಡೆ ಸಾದಾ ಗಡ್ಡೆ. ನೀಲಾಳ ಗಂಡ ಮೊದಲು ಫೋನು ಮಾಡಿದ್ದು ಶರಣಿಗೆ. ಇಬ್ಬರೂ ಫೋನಿನಲ್ಲಿ ಮಾತಾಡದೆ ಅತ್ತರಂತೆ. ನನಗೆ ಆಮೇಲೆ ತಿಳಿಯಿತು.

ಹೋದ ರವಿವಾರ ಮತ್ತೆ ಸುರಪುರಕ್ಕೆ ಹೋದೆವು. ನೀಲಾ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಸೊರಗಿದ್ದಳು. ಈರಮ್ಮ ತಂದಿಟ್ಟ ಗಂಜಿಯ ಡಬ್ಬಿ ಪಕ್ಕದಲ್ಲಿತ್ತು. ಶರಣಿ ಅವಳ ಕಾಲ ಬಳಿ ಕುಳಿತಳು. ನನಗಂತೂ ಖುಷಿ ಉಕ್ಕುತ್ತಿತ್ತು. "ನೀಲಾ, ಈ ಸಲ ನಿನ್ನ ಬಗ್ಗೇನ ಬರೀತೀನಿ" ಅಂದೆ. "ನಿನ್ನ ನಾಟಕ, ನಿನ್ನ ಕಣ್ಣು, ಶರಣಿ ಮನ್ಯಾಗಿನ ಮೆಂತೆ, ಎಲ್ಲಾ. ನಿನ್ನ ಬಗ್ಗೆ ನನಗ ಏನೇನು ಗೊತ್ತಿತ್ತೋ ಅಷ್ಟೂ. ಒಂದೂ ಬಿಡಂಗಿಲ್ಲ."

ಅವಳು ನಗುತ್ತಾಳೆ, ಇಲ್ಲವೆ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ. ನನ್ನನ್ನು ನೋಡಿದಳು, ಶರಣಿಯನ್ನು ನೋಡಿದಳು. ಹೊಲಿಗೆಯ ಮೇಲೆ ಅಂಗೈ ಇಟ್ಟುಕೊಂಡು, ಮೆಲ್ಲಗೆ ಕೇಳಿದಳು:

"ಇಷ್ಟೆಲ್ಲಾ ಮೊದಲs ಗೊತ್ತಿತ್ತಲ್ಲ ನಿಮಗ, ಹೇಳಾಕ ನನಗ ಗಡ್ಡಿ ಆಗಬೇಕಿತ್ತೇನ್ರೇ?"